ನಿದ್ದೆ ಬಾರದಿರುವುದು ಅವಿಶ್ವಾಸವಲ್ಲ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಮದ್ದೂರು ಕಡೆಯ ಹಳ್ಳಿಯವಳು, ವಯಸ್ಸು 46. ಎರಡು ಎಕರೆ ಕಬ್ಬೇ ನಮ್ಮ ಬದುಕು. ಕಳೆದ ಸಲ ಕಾರ್ಖಾನೆಗೆ ಹಾಕಿದ ಕಬ್ಬಿನ ಹಣ ಪೂರ್ತಿ ಕೈಸೇರಿಲ್ಲ. ಮಗನ ಅಪಘಾತದ ಚಿಕಿತ್ಸೆಗೆಂದು ಎರಡು ಕಡೆ ವಾರದ ಕಂತಿನ ಸಾಲ ಮಾಡಿದ್ದೇವೆ. ನಾಲ್ಕು ತಿಂಗಳಿಂದ ರಾತ್ರಿ ಎರಡೂವರೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಬೈಬಲ್ ಓದುತ್ತೇನೆ, ಮೊಣಕಾಲೂರಿ ಪ್ರಾರ್ಥಿಸುತ್ತೇನೆ, ನಿದ್ದೆ ಬಾರದು. ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ‘ದೇವರನ್ನು ನಿಜವಾಗಿ ನಂಬಿದವರಿಗೆ ನಿದ್ದೆ ಬಂದೇ ಬರುತ್ತದೆ, ನಿನ್ನ ವಿಶ್ವಾಸದಲ್ಲಿ ಕೊರತೆಯಿದೆ’ ಎಂದರು. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆಯನ್ನು ಆಗಾಗ ಅರ್ಧ ನುಂಗುತ್ತೇನೆ. ಕೆಲವೊಮ್ಮೆ ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಶುಕ್ರವಾರದ ಇಡೀ ರಾತ್ರಿ ಪ್ರಾರ್ಥನೆಗೆ ಬಂದರೆ ಸರಿಹೋಗುತ್ತದೆ ಎನ್ನುತ್ತಾರೆ, ಹೋಗಲೇ? ದೇವರ ಮೇಲೆ ಭಾರ ಹಾಕಿ ಮಲಗುವುದು ಎಂದರೆ ಹೇಗೆ?

ಉತ್ತರ (ಮೈಸೂರಿನ ಸಭಾಪಾಲಕರು, ಆಪ್ತಸಮಾಲೋಚಕರು):

ಸಹೋದರಿ, ಪತ್ರದ ನಡುವೆ ಒಂದು ಸಾಲು ಬರೆದು ನೀವು ಬೇಗನೆ ಮುಂದೆ ಹೋಗಿಬಿಟ್ಟಿದ್ದೀರಿ. ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಎಂಬ ಸಾಲು. ನಾನು ಮೊದಲು ಅಲ್ಲಿ ನಿಲ್ಲಬೇಕು. ಅದು ತಿಂಗಳುಗಟ್ಟಲೆ ನಿದ್ದೆಗೆಟ್ಟ ದೇಹದ ಬಳಲಿಕೆಯ ಮಾತಾಗಿರಬಹುದು, ಖಿನ್ನತೆಯ ಮಾತೂ ಆಗಿರಬಹುದು. ಪತ್ರ ಓದಿ ಇಂಥದ್ದೇ ಎಂದು ಹೇಳಲಾಗದು. ಆದ್ದರಿಂದ ಹೆಚ್ಚು ಗಂಭೀರವಾದದ್ದೇ ಎಂದುಕೊಂಡು ಹೆಜ್ಜೆ ಇಡೋಣ. ಇವತ್ತೇ ಈ ಸಾಲನ್ನು ನಿಮ್ಮ ಪತಿಗೆ ಬಾಯಿಬಿಟ್ಟು ಹೇಳಿ. ಅವರಿಗೂ ಇಂಥ ಯೋಚನೆ ಬರುತ್ತದೆಯೇ ಎಂದು ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಯಾರ ತಲೆಯನ್ನೂ ಹೊಕ್ಕುವುದಿಲ್ಲ; ಒಳಗೆ ಇದ್ದದ್ದಕ್ಕೆ ಹೊರಗೆ ಬರಲು ದಾರಿಯಾಗುತ್ತದೆ. ಬೆಳೆಗೆಂದು ತಂದ ಕೀಟನಾಶಕದ ಡಬ್ಬಿಗಳು ಮನೆಯಲ್ಲಿದ್ದರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಕೀಲಿಯನ್ನು ನಂಬಿಕೆಯ ನೆಂಟರ ಕೈಗೆ ಕೊಡಿ. 14416 ಎಂಬ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿ ಮಾತನಾಡುತ್ತಾರೆ, ನಿಮ್ಮ ಆ ಎರಡೂವರೆ ಗಂಟೆಗೂ ಸಿಗುತ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವಿದೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಇದೆ. ಈ ವಾರ ಒಂದು ದಿನ ಬಿಡುವು ಮಾಡಿಕೊಂಡು ಬಸ್ ಹತ್ತಿ. ಆ ಮೇಲೆ ಮಿಕ್ಕದ್ದು.

ನಿಮ್ಮ ವಿಶ್ವಾಸದಲ್ಲಿ ಕೊರತೆಯಿದೆ ಎಂದ ಹಿರಿಯರ ಮನಸ್ಸು ಒಳ್ಳೆಯದೇ ಇರಬಹುದು. ಮಾತು ಮಾತ್ರ ತಪ್ಪು, ಬೈಬಲ್ಲಿಗೇ ವಿರುದ್ಧವಾದ ಮಾತು. 77ನೇ ಕೀರ್ತನೆಯನ್ನು ತೆರೆದು ನೋಡಿ. ಆಸಾಫನ ಹೆಸರಿನ ಆ ಕೀರ್ತನೆಯಲ್ಲಿ ಭಕ್ತನು ರಾತ್ರಿಯೆಲ್ಲ ಕೈಚಾಚಿ ಕೂಗುತ್ತಾನೆ, ನನ್ನ ಕಣ್ಣುರೆಪ್ಪೆಗಳು ಮುಚ್ಚದಂತೆ ಹಿಡಿದಿರುವವನು ನೀನೇ ಎಂದು ದೇವರನ್ನೇ ದೂರುತ್ತಾನೆ. 6ನೇ ಕೀರ್ತನೆಯಲ್ಲಿ ರಾತ್ರಿ ರಾತ್ರಿಯೂ ಹಾಸಿಗೆ ಕಣ್ಣೀರಿನಲ್ಲಿ ತೇಲುತ್ತದೆ. ಇವು ಅವಿಶ್ವಾಸಿಗಳ ಮಾತುಗಳಾಗಿದ್ದರೆ ಆರಾಧನೆಯ ಹಾಡುಗಳ ನಡುವೆ ಜಾಗ ಸಿಗುತ್ತಿತ್ತೇ? ಇನ್ನೂ ಒಂದು ರಾತ್ರಿಯನ್ನು ನೆನಪಿಸಿಕೊಳ್ಳಿ. ಯೇಸು ಸೆರೆಯಾದ ಆ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಿದ್ದೆ ಹೋದವರು ಶಿಷ್ಯರು. ಎಚ್ಚರವಾಗಿದ್ದು ಬೆವರುತ್ತಾ ಪ್ರಾರ್ಥಿಸಿದವನು ಯೇಸು. ನಿದ್ದೆಯೇ ವಿಶ್ವಾಸದ ಅಳತೆಗೋಲಾದರೆ ಆ ರಾತ್ರಿ ಯಾರು ವಿಶ್ವಾಸಿಗಳು ಎಂದು ಆ ಹಿರಿಯರನ್ನು ಮೆಲ್ಲಗೆ, ಪ್ರೀತಿಯಿಂದ ಕೇಳಬಹುದು.

ಹಾಗಾದರೆ ಸಮಾಧಾನದಿಂದ ಮಲಗಿ ನಿದ್ರಿಸುವೆನು ಎನ್ನುವ ಕೀರ್ತನೆಗಳ ಗತಿಯೇನು? 3ನೇ ಕೀರ್ತನೆಯ ತಲೆಬರಹವು ಅದನ್ನು ದಾವೀದನು ತನ್ನ ಮಗನಾದ ಅಬ್ಷಾಲೋಮನಿಂದ ಓಡಿಹೋದ ಕಾಲಕ್ಕೆ ಸೇರಿಸುತ್ತದೆ. ಹೆತ್ತ ಮಗನೇ ಸಿಂಹಾಸನ ಕಿತ್ತುಕೊಳ್ಳಲು ಹೊರಟಿದ್ದಾನೆ, ಊರಿಗೆ ಊರೇ ಅವನ ಕಡೆ ವಾಲಿದೆ. ಆ ಸ್ಥಿತಿಯಲ್ಲಿ ಈ ಮನುಷ್ಯ, ಮಲಗಿಕೊಂಡೆ, ನಿದ್ದೆ ಮಾಡಿದೆ, ಎಚ್ಚೆತ್ತೆ, ಯೆಹೋವನು ನನ್ನನ್ನು ಕಾಯುತ್ತಾನೆ ಎನ್ನುತ್ತಾನೆ. ಇದನ್ನು ಓದಿ ನಮ್ಮ ಜನ ದಾವೀದ ಮಲಗಿದ, ನೀನೂ ಮಲಗು ಎಂದುಬಿಡುತ್ತಾರೆ. ಆದರೆ ಆ ದಿನಗಳ ಕಥೆ ಸಮುವೇಲನ ಎರಡನೆಯ ಗ್ರಂಥದಲ್ಲಿ ವಿವರವಾಗಿದೆ, ಅದನ್ನು ಪಕ್ಕದಲ್ಲಿಟ್ಟು ಓದಬೇಕು. ಈ ರಾತ್ರಿಯೇ ಹಿಂದಟ್ಟಿ ಹೊಡೆಯಬೇಕು ಎಂದು ಅಹೀತೋಫೆಲನೆಂಬ ಸಲಹೆಗಾರ ಅಬ್ಷಾಲೋಮನಿಗೆ ಸಲಹೆ ಕೊಡುತ್ತಾನೆ. ಕಾಡಿನ ಅಂಚಿನಲ್ಲಿರುವ ದಾವೀದನಿಗೆ ಬೇಹಿನವರ ಮೂಲಕ ಸುದ್ದಿ ಮುಟ್ಟುತ್ತದೆ. ಆಗ ಅವನು ಮಲಗಲಿಲ್ಲ. ಜೊತೆಯವರನ್ನೆಲ್ಲ ಎಬ್ಬಿಸಿಕೊಂಡು ಯೊರ್ದನ್ ಹೊಳೆ ದಾಟಿದ. ಬೆಳಗಾಗುವಷ್ಟರಲ್ಲಿ ಈಚೆ ದಡದಲ್ಲಿ ಒಬ್ಬರೂ ಉಳಿದಿರಲಿಲ್ಲ. ದೇವರನ್ನು ನಂಬಿದವನೇ ಆ ರಾತ್ರಿ ಇಡೀ ನಡೆದ. ನಡೆಯಬೇಕಾದ ರಾತ್ರಿ ನಡೆಯುವುದೂ ನಂಬಿಕೆಯೇ.

ಹೊಳೆ ದಾಟಿ ಮಹನಯಿಮ್ ಎಂಬ ಊರನ್ನು ಸೇರಿದ ಮೇಲೆ ಏನಾಯಿತೆಂಬುದು ನನಗೆ ಬಹಳ ಪ್ರಿಯವಾದ ಭಾಗ. ಬರ್ಜಿಲ್ಲೈ ಮೊದಲಾದ ಮೂವರು ಸ್ಥಳೀಯರು ಬಂದು, ಜನರು ಹಸಿದು ದಣಿದು ಬಾಯಾರಿದ್ದಾರೆಂದು ಹಾಸಿಗೆ, ಪಾತ್ರೆ, ಗೋಧಿ, ಜವೆ, ಕಾಳು, ಜೇನು, ಬೆಣ್ಣೆ, ಕುರಿ ಎಲ್ಲವನ್ನೂ ತಂದು ಕೊಡುತ್ತಾರೆ. ಪಟ್ಟಿಯಲ್ಲಿ ಮೊದಲು ಬರುವುದು ಹಾಸಿಗೆ! ದಣಿದವನಿಗೆ ನಿನ್ನ ವಿಶ್ವಾಸ ಎಷ್ಟಿದೆ ಎಂದು ಅವರು ಕೇಳಲಿಲ್ಲ. ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಎಂಬ ಮಾತು ಎಷ್ಟೋ ಸಲ ಹೀಗೆ ನೆರೆಯವರ ಕೈಯಿಂದಲೇ ನೆರವೇರುತ್ತದೆ. ನಮ್ಮ ಸಭೆಗಳು ಇದನ್ನು ಕಲಿಯಬೇಕು. ಸಾಲದಲ್ಲಿ ಬಿದ್ದ ಮನೆಗೆ ಹೋಗಿ ಪ್ರಾರ್ಥಿಸಿ ಬರುವುದು ಒಳ್ಳೆಯದು. ಹೋಗುವಾಗ ಹತ್ತು ಕಿಲೋ ಅಕ್ಕಿ ಒಯ್ಯುವುದು, ಆಸ್ಪತ್ರೆಯ ಹಾಸಿಗೆಯಲ್ಲಿರುವ ಮಗನ ಪಕ್ಕ ಒಂದು ರಾತ್ರಿ ತಾವು ಕುಳಿತು ತಾಯಿಯನ್ನು ಮನೆಗೆ ಕಳಿಸುವುದು ಇನ್ನೂ ಒಳ್ಳೆಯದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಭಾರ ಹಾಕಿ ಮಲಗುವುದು ಎಂದರೆ ಹೇಗೆ? ನಿಮಗೆ ನಾನು ಮಾರ್ಕನ ಸುವಾರ್ತೆಯ 4ನೇ ಅಧ್ಯಾಯವನ್ನು ಕೊಡುತ್ತೇನೆ, ನೀವು ಬೇಸಾಯದವರಾದ್ದರಿಂದ. ಅಲ್ಲಿ ಯೇಸು ಒಬ್ಬ ರೈತನ ಚಿಕ್ಕ ಸಾಮ್ಯ (ದೃಷ್ಟಾಂತದ ಕಥೆ) ಹೇಳುತ್ತಾನೆ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನಲ್ಲಿ ಮಾತ್ರ ಬರುವ ಸಾಮ್ಯ. ರೈತ ಬೀಜ ಹಾಕುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ತಿಳಿಯದು. ಬೆಳೆ ಬಂದಾಗ ಕುಡುಗೋಲು ಹಾಕುತ್ತಾನೆ. ಬಿತ್ತುವುದು ಅವನ ಕೆಲಸ, ಕೊಯ್ಯುವುದು ಅವನ ಕೆಲಸ. ನಡುವಿನ ರಾತ್ರಿಗಳಲ್ಲಿ ನೆಲದೊಳಗೆ ನಡೆಯುವುದು ಅವನದಲ್ಲ, ಅವನು ಎಚ್ಚರವಿದ್ದರೆ ಅದು ಬೇಗ ನಡೆಯುವುದೂ ಇಲ್ಲ. ನೆಟ್ಟ ಕಬ್ಬು ಕಡಿಯಲು ಬರುವುದಕ್ಕೆ ವರ್ಷ ಬೇಕು. ಆ ವರ್ಷದಲ್ಲಿ ನೀರು ಕಟ್ಟುವುದು, ರವದೆ ಸುಲಿಯುವುದು, ಗೊಬ್ಬರ ಹಾಕುವುದು ನಿಮ್ಮಿಂದಾಯಿತು. ಗಿಣ್ಣಿನಿಂದ ಗಿಣ್ಣಿಗೆ ಅದು ಏರಿದ್ದು ನಿಮ್ಮಿಂದಲೇ?

ಆ ಸಾಮ್ಯ ಹೇಳಿದ ದಿನವೇ ಸಂಜೆ ಯೇಸು ದೋಣಿ ಹತ್ತುತ್ತಾನೆ. ಬಿರುಗಾಳಿ ಏಳುತ್ತದೆ, ದೋಣಿಗೆ ನೀರು ತುಂಬುತ್ತದೆ, ಆತನು ಹಿಂಭಾಗದಲ್ಲಿ ತಲೆದಿಂಬಿಟ್ಟು ನಿದ್ರಿಸುತ್ತಿರುತ್ತಾನೆ. ಹಗಲು ಹೇಳಿದ ರೈತನಂತೆ ರಾತ್ರಿ ತಾನೇ ಮಲಗಿದ್ದಾನೆ. ಈ ಎರಡನ್ನೂ ಒಂದೇ ದಿನದ ಘಟನೆಗಳಾಗಿ ಓದಿದಾಗ ನನಗೆ ನಂಬಿಕೆಯ ನಿದ್ದೆ ಯಾವುದೆಂದು ತಿಳಿಯಿತು. ತನ್ನ ಪಾಲಿನ ಕೆಲಸ ಮಾಡಿ, ತನ್ನದಲ್ಲದ್ದನ್ನು ತಂದೆಯ ಕೈಯಲ್ಲಿ ಬಿಟ್ಟವನ ನಿದ್ದೆ ಅದು. ಶಿಷ್ಯರು ಅವನನ್ನು ಎಬ್ಬಿಸಿ, ನಾವು ಮುಳುಗುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಕೂಗುತ್ತಾರೆ. ನಿಮಗಿನ್ನೂ ನಂಬಿಕೆಯಿಲ್ಲವೇ ಎಂದು ಆತನು ಕೇಳಿದ್ದು ನಿಜ. ಆದರೆ ಮಾರ್ಕನು ಬರೆದಿರುವ ಕ್ರಮ ನೋಡಿ. ಮೊದಲು ಎದ್ದ, ಗಾಳಿಯನ್ನು ಗದರಿಸಿದ, ಅಲೆಗಳು ಶಾಂತವಾದವು. ಆ ಮೇಲೆ ಕೇಳಿದ. ಹೆದರಿ ಕೂಗಿದವರನ್ನು ಕಾಪಾಡುವುದಕ್ಕೆ ಆತನು ನಂಬಿಕೆ ಬಲಿಯಲಿ ಎಂದು ಕಾಯಲಿಲ್ಲ.

ಇದನ್ನು ರಾತ್ರಿ ಹತ್ತು ಗಂಟೆಗೆ ಮಾಡುವುದು ಹೇಗೆಂದು ಹೇಳುತ್ತೇನೆ. ಮಲಗುವುದಕ್ಕೆ ಒಂದು ಗಂಟೆ ಮೊದಲು ಹಾಳೆಯೊಂದರ ನಡುವೆ ಗೆರೆ ಎಳೆಯಿರಿ. ಎಡಗಡೆ ನಾಳೆ ನಿಮ್ಮ ಕೈಯಿಂದ ಆಗುವ ಕೆಲಸಗಳು: ಬ್ಯಾಂಕಿಗೆ ಹೋಗಬೇಕು, ತಮ್ಮನಿಗೆ ಫೋನ್ ಮಾಡಬೇಕು, ಮಗನ ಡ್ರೆಸ್ಸಿಂಗ್ ಬದಲಿಸಬೇಕು. ಬಲಗಡೆ ನಿಮ್ಮ ಕೈಯಲ್ಲಿ ಇಲ್ಲದ್ದು: ಕಾರ್ಖಾನೆ ಯಾವಾಗ ಹಣ ಹಾಕುತ್ತದೆ, ಮಗನ ಮೂಳೆ ಎಷ್ಟು ಬೇಗ ಕೂಡುತ್ತದೆ, ಕನ್ನಂಬಾಡಿಯಲ್ಲಿ ಈ ಸಲ ನೀರು ಎಷ್ಟು ನಿಲ್ಲುತ್ತದೆ. ಬರೆದ ಮೇಲೆ ಗಟ್ಟಿಯಾಗಿ, ನಿಮ್ಮದೇ ಮಾತಿನಲ್ಲಿ ಹೇಳಿ: ‘ಕರ್ತನೇ, ಎಡಗಡೆಯದು ನಾಳೆ ಬೆಳಿಗ್ಗೆ ನನ್ನ ಕೆಲಸ. ಬಲಗಡೆಯದು ನಿನ್ನದು. ಈ ರಾತ್ರಿ ಮಾತ್ರ ಎರಡನ್ನೂ ನೀನೇ ನೋಡಿಕೋ, ನೀನು ತೂಕಡಿಸುವವನಲ್ಲ.’ ಹಾಳೆಯನ್ನು ಬೈಬಲ್ಲಿನೊಳಗೆ ಇಟ್ಟು ಮುಚ್ಚಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಅದು ಪ್ರಾರ್ಥನೆಯ ಅಧ್ಯಯನವಲ್ಲ, ಸಣ್ಣ ಅಧ್ಯಯನವೂ ಹೌದು. ಆದರೂ ಬಿಚ್ಚಿಟ್ಟ ಚಿಂತೆಯನ್ನು ತಲೆ ಮತ್ತೆ ಮತ್ತೆ ಎಣಿಸಬೇಕಾಗಿಲ್ಲ ಎಂಬುದಕ್ಕೆ ಆಧಾರವಾಗುತ್ತದೆ.

ಎರಡೂವರೆಯ ಎಚ್ಚರದ ಬಗ್ಗೆ ನೀವು ತಿಳಿಯಬೇಕಾದದ್ದು ಬಹಳ ಇದೆ. ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿಯುತ್ತದೆ. ಆ ಮೇಲಿನದು ತೆಳು ನಿದ್ದೆ, ಕನಸುಗಳ ನಿದ್ದೆ; ಆ ಹೊತ್ತಿನಲ್ಲಿ ಆರೋಗ್ಯವಂತರಿಗೂ ಎಚ್ಚರವಾಗುತ್ತದೆ, ಮಗ್ಗುಲು ಬದಲಿಸಿ ಮಲಗುತ್ತಾರೆ, ಬೆಳಿಗ್ಗೆ ನೆನಪಿರುವುದಿಲ್ಲ. ನಿಮಗೆ ಎಚ್ಚರವಾಗುವುದು ರೋಗವಲ್ಲ. ಎಚ್ಚರವಾದ ಕೂಡಲೇ ಗಡಿಯಾರ ನೋಡುವುದು, ಅಯ್ಯೋ ಮತ್ತೆ ಎರಡೂವರೆ ಎಂದು ಎದೆ ಧಸಕ್ಕೆನ್ನುವುದು, ನಿದ್ದೆ ಮಾಡಲೇಬೇಕು ಎಂದು ಹಟ ಹಿಡಿಯುವುದು, ಇವು ಮೆದುಳನ್ನು ಕಾವಲಿಗೆ ನಿಲ್ಲಿಸುತ್ತವೆ. ನಿದ್ದೆ ಪ್ರಯತ್ನಕ್ಕೆ ಬರುವಂಥದ್ದಲ್ಲ. ಇಲ್ಲಿ ಭಕ್ತರಾದ ನಮಗೆ ಒಂದು ವಿಶೇಷ ಅಪಾಯವಿದೆ: ಪ್ರಾರ್ಥನೆಯೇ ಆ ಪ್ರಯತ್ನದ ಒಂದು ಭಾಗವಾಗಿಬಿಡುತ್ತದೆ. ಪ್ರಾರ್ಥಿಸಿದೆ, ನಿದ್ದೆ ಬಂತೇ ಎಂದು ನೋಡುತ್ತೇವೆ. ಬರಲಿಲ್ಲವಾದರೆ ಇನ್ನೂ ಜೋರಾಗಿ ಪ್ರಾರ್ಥಿಸುತ್ತೇವೆ. ಕೊನೆಗೆ ನಿದ್ದೆಯೂ ಹೋಯಿತು, ದೇವರ ಮೇಲೆ ಮುನಿಸೂ ಬಂತು. ಪ್ರಾರ್ಥನೆಯನ್ನು ಮಾತ್ರೆಯಂತೆ ಬಳಸಬೇಡಿ. ರಾತ್ರಿ ಆತನೊಂದಿಗೆ ಮಾತನಾಡುವುದಾದರೆ ಮಾತನಾಡುವುದಕ್ಕಾಗಿಯೇ ಮಾತನಾಡಿ, ನಿದ್ದೆ ಬಂದರೂ ಸರಿ, ಬಾರದಿದ್ದರೂ ಸರಿ.

ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿ, ಮೊಬೈಲನ್ನು ಅಡುಗೆಮನೆಯಲ್ಲಿಡಿ. ಎಚ್ಚರವಾಗಿ ಇಪ್ಪತ್ತು ನಿಮಿಷ ಆಯಿತೆನ್ನಿಸಿದರೆ (ಅಂದಾಜು ಸಾಕು) ಎದ್ದು ಹಜಾರದಲ್ಲಿ ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ. ಕಾಫಿ ಬೇಡ, ಲೆಕ್ಕದ ಪುಸ್ತಕ ಬೇಡ. ಚಿಕ್ಕ ವಾಕ್ಯವೊಂದನ್ನು ಉಸಿರಿಗೆ ಜೋಡಿಸಿ ನಿಧಾನವಾಗಿ ಹೇಳಿಕೊಳ್ಳಿ. ಉಸಿರು ಒಳಗೆ ಎಳೆಯುವಾಗ ‘ಆ ಹೊತ್ತಿನ ಪಾಡು’, ಬಿಡುವಾಗ ‘ಆ ಹೊತ್ತಿಗೆ ಸಾಕು’. ಬಿಡುವ ಉಸಿರು ದೀರ್ಘವಾಗಿರಲಿ. ಜಪಸರದ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೋಲಿಸಿ ಇಟಲಿಯ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದ್ದು ಕಂಡುಬಂತು. ಆ ವೇಗ ಹೃದಯಬಡಿತದ ಲಯಕ್ಕೆ ಹಿತ. ತೂಕಡಿಕೆ ಬಂದ ಮೇಲೆಯೇ ಹಾಸಿಗೆಗೆ ಹೋಗಿ. ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಿಗ್ಗೆ ನಿಗದಿತ ಹೊತ್ತಿಗೆ ಎದ್ದು ಬಿಸಿಲಿಗೆ ಬನ್ನಿ, ಮಧ್ಯಾಹ್ನ ಉದ್ದ ನಿದ್ದೆ ಬೇಡ. ಮೊದಮೊದಲು ಹೆಚ್ಚು ಆಯಾಸವೆನಿಸುತ್ತದೆ, ಕೆಲವು ವಾರ ಹಿಡಿದು ಸಾಧಿಸಬೇಕು. ಕಾಫಿಯ ಪ್ರಭಾವ ಅರ್ಧ ಇಳಿಯುವುದಕ್ಕೇ ಐದಾರು ಗಂಟೆ ಬೇಕು, ಆದ್ದರಿಂದ ಮಧ್ಯಾಹ್ನದ ನಂತರ ಬಿಡಿ.

ಎಡಗಡೆಯ ಪಟ್ಟಿಗೆ ಸೇರಬೇಕಾದ ಕೆಲವು ಸಂಗತಿಗಳನ್ನು ನಾನೇ ಕೊಡುತ್ತೇನೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಕಬ್ಬು ಪಡೆದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಿಸಬೇಕು. ತೂಕದ ಚೀಟಿಗಳನ್ನು ಜೋಡಿಸಿಕೊಂಡು ಜಿಲ್ಲಾಧಿಕಾರಿಗೆ ಲಿಖಿತ ಅರ್ಜಿ ಕೊಡಿ, ಊರಿನ ನಾಲ್ಕು ಮಂದಿ ಬೆಳೆಗಾರರನ್ನು ಜೊತೆಗೆ ಕರೆದುಕೊಳ್ಳಿ. ಕಿರುಸಾಲದ (ಮೈಕ್ರೋಫೈನಾನ್ಸ್) ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿಯಮದಂತೆ, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ವಸೂಲಿಯ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ನಮ್ಮ ರಾಜ್ಯವೂ 2025ರಲ್ಲಿ ಕಾನೂನು ತಂದಿದೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು, ಮಂಡ್ಯದ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಬಹುದು. ಇದನ್ನೆಲ್ಲ ಪ್ರಾರ್ಥನೆಯ ಪ್ರಶ್ನೆಗೆ ಉತ್ತರವಾಗಿ ಏಕೆ ಬರೆಯುತ್ತೇನೆಂದರೆ, ಹಗಲು ದಾಟಬೇಕಾದ ಹೊಳೆಯನ್ನು ದಾಟದೆ ಇದ್ದರೆ ಅದು ರಾತ್ರಿ ಹಾಸಿಗೆಯ ಬಳಿಗೆ ಬರುತ್ತದೆ.

ಪಕ್ಕದ ಮನೆಯ ಮಾತ್ರೆಯನ್ನು ಇನ್ನು ಕೈಯಿಂದ ಮುಟ್ಟಬೇಡಿ. ಇಂಥ ಮಾತ್ರೆಗಳಲ್ಲಿ ಹಲವು ದೇಹಕ್ಕೆ ಚಟವಾಗುತ್ತವೆ. ಆಗಾಗ ಎಂದು ನೀವು ಬರೆದದ್ದು ನಿಜವಾಗಿ ದಿನವೂ ಆಗಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರಿಗೆ ಮಾತ್ರೆಯ ಹೆಸರು ತೋರಿಸಿ, ಅವರು ಹೇಳಿದಂತೆ ಇಳಿಸಬೇಕು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದನ್ನು ವೈದ್ಯರು ಚಿಕಿತ್ಸೆ ಬೇಕಾದ ನಿದ್ರಾಹೀನತೆ ಎಂದೇ ಎಣಿಸುತ್ತಾರೆ, ನೀವು ಆ ಗಡಿ ದಾಟಿದ್ದೀರಿ. ನಿಮ್ಮ ವಯಸ್ಸಿನ ಬಗ್ಗೆಯೂ ಅವರಿಗೆ ಹೇಳಿ. 46 ಎಂದರೆ ಹಲವರಿಗೆ ಮುಟ್ಟು ಏರುಪೇರಾಗುವ ಕಾಲ. ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರಿ ಎಚ್ಚರವಾಗುತ್ತಿದ್ದರೆ ನಿಮ್ಮ ಎರಡೂವರೆಗೆ ಸಾಲದಷ್ಟೇ ಅದೂ ಕಾರಣವಾಗಿರಬಹುದು. ಬಾಯಿಬಿಟ್ಟು ಹೇಳಲು ಹೆಂಗಸರು ಸಂಕೋಚಪಡುತ್ತಾರೆ, ವೈದ್ಯರೂ ಕೇಳುವುದನ್ನು ಮರೆಯುತ್ತಾರೆ. ವೈದ್ಯರು ಔಷಧಿ ಕೊಟ್ಟರೆ ಅದನ್ನು ತೆಗೆದುಕೊಳ್ಳುವುದು ದೇವರನ್ನು ನಂಬದಿರುವುದಲ್ಲ. ಮಗನ ಮುರಿದ ಮೂಳೆಗೆ ಪ್ಲಾಸ್ಟರ್ ಹಾಕಿಸಿದಾಗ ನಿಮ್ಮ ವಿಶ್ವಾಸವನ್ನು ಯಾರಾದರೂ ಪ್ರಶ್ನಿಸಿದರೇ?

ಶುಕ್ರವಾರದ ಇಡೀ ರಾತ್ರಿ ಪ್ರಾರ್ಥನೆಗೆ ಈಗ ಹೋಗಬೇಡಿ. ಇದನ್ನು ಒಬ್ಬ ಸಭಾಪಾಲಕನಾಗಿ, ಅಂಥ ಕೂಟಗಳನ್ನು ಪ್ರೀತಿಸುವವನಾಗಿ ಹೇಳುತ್ತಿದ್ದೇನೆ. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದರೆ ಕಷ್ಟಪಟ್ಟು ಕಟ್ಟುತ್ತಿರುವ ಲಯ ಮತ್ತೆ ಕೆಡುತ್ತದೆ, ಮನಸ್ಸು ಕುಗ್ಗಿರುವಾಗ ಅದು ಅಪಾಯವೂ ಹೌದು. ಎಲೀಯನ ಕಥೆ ನಿಮಗೆ ಗೊತ್ತು. ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ ಪ್ರವಾದಿ ಅವನು. ನಿಮ್ಮ ಪತ್ರದ ಆ ಸಾಲನ್ನು ನಿಮಗಿಂತ ಮೊದಲು ಅವನು ಹೇಳಿದ್ದಾನೆ. ದೇವದೂತನು ಅವನಿಗೆ ಪ್ರಾರ್ಥಿಸು ಎನ್ನಲಿಲ್ಲ, ಪಶ್ಚಾತ್ತಾಪಪಡು ಎನ್ನಲಿಲ್ಲ. ರೊಟ್ಟಿ, ನೀರು ಕೊಟ್ಟು ತಿನ್ನು ಎಂದ. ಎಲೀಯನು ತಿಂದು ಮತ್ತೆ ಮಲಗಿದ, ದೂತ ಅವನನ್ನು ಮಲಗಲು ಬಿಟ್ಟ, ಎರಡನೆಯ ಸಲ ಬಂದು ಮತ್ತೆ ಉಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರೊಂದಿಗೆ ಮಾತುಕತೆ ನಡೆದದ್ದು ಆ ನಂತರ. ಶುಕ್ರವಾರ ಸಂಜೆ ಮೊದಲ ಒಂದು ಗಂಟೆ ಕೂಟಕ್ಕೆ ಹೋಗಿ, ನಿಮಗಾಗಿ ಪ್ರಾರ್ಥಿಸುವಂತೆ ಕೇಳಿಕೊಳ್ಳಿ, ಒಂಬತ್ತಕ್ಕೆಲ್ಲ ಮನೆಗೆ ಬನ್ನಿ. ಅಲ್ಲಿ ಎಚ್ಚರವಿರುವವರು ನಿಮ್ಮ ಪಾಲಿನದನ್ನೂ ಪ್ರಾರ್ಥಿಸಲಿ. ಯಾರಾದರೂ ಆಕ್ಷೇಪಿಸಿದರೆ ಸಭಾಪಾಲಕರೊಬ್ಬರು ಹೀಗೆ ಬರೆದಿದ್ದಾರೆಂದು ಈ ಉತ್ತರವನ್ನೇ ಅವರಿಗೆ ಓದಲು ಕೊಡಿ. ಅದಕ್ಕೂ ಮೊದಲು, ಆಸ್ಪತ್ರೆಗೆ ಯಾವ ದಿನ ಹೋಗುತ್ತೀರಿ ಎಂಬುದನ್ನು ನಿಮ್ಮ ಪತಿಯೊಂದಿಗೆ ಇಂದೇ ಗೊತ್ತುಮಾಡಿ, ಎಡಗಡೆಯ ಪಟ್ಟಿಯಲ್ಲಿ ಮೊದಲ ಸಾಲಾಗಿ ಅದನ್ನೇ ಬರೆಯಿರಿ.